ಯುಸ್ತಿನಾಳ ಹೊಂಡಕ್ಕೆ ಬಿದ್ದ ಕಲ್ಲು

ಪ್ರೊಫೆಸರ್ ಪಿಂಡರ್ ಹಿಟ್ಟಿನ ಚೀಲದ ಬಟ್ಟೆ ಬಿಡಿಸಿದರು. ಒಳಗಿದ್ದ ಕಪ್ಪು ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು, ಹೆಬ್ಬೆರಳಿನಿಂದ ಒಮ್ಮೆ ಗಟ್ಟಿಯಾಗಿ ಉಜ್ಜಿದರು. ಹೆಬ್ಬೆರಳು ಕಪ್ಪಾಯಿತು, ಕಲ್ಲು ಉಜ್ಜಿದ ಕಡೆ ಬಿಳಿಚಿಕೊಂಡಿತು. ಯುಸ್ತಿನಾಳ ಅಡುಗೆಮನೆಯಲ್ಲಿ ಕಿಕ್ಕಿರಿದಿದ್ದ ತೆರ್ನಿವ್ಕಾ ಊರಿನ ಜನ ಕತ್ತು ಚಾಚಿ ನೋಡುತ್ತಿದ್ದರು.

"ಇದು ಆಕಾಶದಿಂದ ಬಿದ್ದಿದ್ದಲ್ಲ, ಹೊಲದ ಕಲ್ಲು, ತಾಯಿ," ಎಂದರು ಪ್ರೊಫೆಸರ್. "ಮೇಲೆ ಒಲೆ ಮಸಿ ಬಳಿದಿದೆ. ಇದಕ್ಕೋಸ್ಕರ ನೂರಿಪ್ಪತ್ತು ಮೈಲಿ ಹಿಮದಲ್ಲಿ ಗಾಡಿ ಓಡಿಸ್ಕೊಂಡು ಬಂದೆನಲ್ಲ ನಾನು."

"ಇದು ನನ್ನ ಕಲ್ಲಲ್ಲ," ಎಂದಳು ಯುಸ್ತಿನಾ.

"ನಿಂದಲ್ದೆ ಇನ್ಯಾರದು? ನಿನ್ನ ಹೊಲದಲ್ಲಿ ಕಲ್ಲು ಬಿಟ್ರೆ ಬೇರೇನಾದ್ರೂ ಬೆಳೆದಿದ್ಯಾ?" ಎಂದು ಹಿಂದಿನಿಂದ ಯಾರೋ ಕೂಗಿದರು. ಅಡುಗೆಮನೆ ತುಂಬ ನಗು ಎದ್ದಿತು.

ನಗುವನ್ನು ಕೈ ಎತ್ತಿ ನಿಲ್ಲಿಸಿದವನು ಪ್ರೊಕೋಪ್. ಅವನು ಚರ್ಚಿನ ಹಿರಿಯ. ಚರ್ಚಿನ ಬೀಗದಕೈ, ಗಂಟೆ, ಚಳಿಗೆ ಉರಿಸುವ ಒಲೆ ಮೂರೂ ಅವನ ಸುಪರ್ದಿನಲ್ಲಿದ್ದವು; ಊರಿನ ಮಾನವೂ ತನ್ನ ಸುಪರ್ದಿನಲ್ಲೇ ಇದೆ ಎಂದು ಅವನು ನಂಬಿದ್ದ. "ನಗಬೇಡಿ. ಒಂಟಿ ಹೆಂಗಸು, ನಾಲ್ಕು ಜನ ಮನೆಗೆ ಬರ್ಲಿ ಅಂತ ಮಾಡಿದಾಳೆ," ಎಂದ. "ಆದ್ರೂ ಯುಸ್ತಿನಾ, ದೊಡ್ಡವರ ಮುಂದೆ ಊರಿನ ಮರ್ಯಾದೆ ತೆಗೆದೆಯಲ್ಲ. ಭಾನುವಾರ ಪ್ರಾರ್ಥನೆ ಆದ್ಮೇಲೆ ಎಲ್ರ ಮುಂದೆ ತಪ್ಪಾಯ್ತು ಅಂದ್ಬಿಡು, ಮುಗಿದುಹೋಗ್ಲಿ."

"ತಪ್ಪು ಮಾಡಿದೋರು ಅನ್ಲಿ," ಎಂದಳು ಯುಸ್ತಿನಾ. "ನಾನ್ಯಾಕನ್ಲಿ?"

ಆಮೇಲೆ ಅವಳು ಯಾರ ಮುಖವನ್ನೂ ನೋಡಲಿಲ್ಲ. ಮಸಿಯ ಕಲ್ಲನ್ನು ಅದೇ ಚೀಲದ ಬಟ್ಟೆಯಲ್ಲಿ ಸುತ್ತಿಕೊಂಡು ಹೊರಗೆ ಬಂದಳು, ಒರೆಸ್ಟ್ ತಂದು ಅಂಗಳದಲ್ಲಿ ನಿಲ್ಲಿಸಿದ್ದ ಪಿಕಪ್ಪಿನ ಬಾಗಿಲು ತೆಗೆದು ಹತ್ತಿ ಕೂತಳು. ಒರೆಸ್ಟ್ ತಮಾಷೆ ನೋಡಲು ಬಂದಿದ್ದವನು. ಅವನೂ ನಕ್ಕಿದ್ದ, ಅದು ಅವಳಿಗೆ ಕಂಡಿತ್ತು.

"ನಡಿ, ಡಾಕ್ಟ್ರಮ್ಮನ ಹತ್ರ," ಎಂದಳು.

"ಯುಸ್ತಿನಕ್ಕ, ಡಾಕ್ಟ್ರಮ್ಮ ದನಕ್ಕೆ ಔಷಧಿ ಕೊಡೋರು."

"ಗೊತ್ತು. ಈ ಊರಲ್ಲಿ ಅವ್ರಿಗೆ ಕೆಲ್ಸ ಬೇಕಾದಷ್ಟಿದೆ."

ಡಾಕ್ಟರ್ ತೆಕ್ಲಾ ಬೊದ್ನಾರ್ಚುಕ್‌ಗೆ ಅರವತ್ತೆರಡು. ಹೆಂಗಸು ಹಸುವಿನ ಹೆರಿಗೆ ಮಾಡಿಸುವುದೇ ಎಂದು ಜಿಲ್ಲೆ ಪೂರ್ತಿ ಮೂಗು ಮುರಿದ ಕಾಲದಲ್ಲೇ ತೋಳು ಮಡಿಸಿ ಕೆಲಸಕ್ಕಿಳಿದವಳು. ಕಳೆದುಹೋದ ಎತ್ತು, ಸುಟ್ಟ ಬಣವೆ, ಕದ್ದ ಮದುವೆ ಉಂಗುರ ಇಂಥ ಐದಾರು ಗಂಟುಗಳನ್ನು ಬಿಡಿಸಿದ್ದಳು. ಹನ್ನೆರಡು ವರ್ಷದಿಂದ ಅವಳ ಪಿಕಪ್ಪು ಓಡಿಸಿ, ಹಸುಗಳ ತಲೆ ಹಿಡಿದು, ಪ್ರತಿಯೊಂದರಲ್ಲೂ ತಪ್ಪು ಮನುಷ್ಯನ ಮೇಲೆ ಅನುಮಾನಪಟ್ಟವನು ಒರೆಸ್ಟ್. ಅದರ ಬಗ್ಗೆ ಅವನಿಗೆ ಸಂಕೋಚವೇನೂ ಇರಲಿಲ್ಲ.

ತೆಕ್ಲಾ ಕೊಟ್ಟಿಗೆಯಲ್ಲಿದ್ದಳು. ಒರೆಸ್ಟ್ ಕಲ್ಲನ್ನು ಗೋದಲಿಯ ಅಂಚಿನ ಮೇಲಿಟ್ಟ. ಯುಸ್ತಿನಾ ನಿಂತುಕೊಂಡೇ ಹೇಳತೊಡಗಿದಳು.

ಹಿಂದಿನ ಗುರುವಾರ ಸಂಜೆ, ಹೊತ್ತು ಮುಳುಗುವಾಗ, ಬಯಲಿನ ಆಚೆಯಿಂದ ಈಚೆಗೆ ಬೆಂಕಿಯುಂಡೆಯೊಂದು ಹಾದು ಹೋಗಿದ್ದು ಊರಿಗೇ ಗೊತ್ತಿತ್ತು. ಕಿಟಕಿಗಳು ಅದುರಿದ್ದವು, ದನಗಳು ಬೇಲಿ ಮುರಿದು ಓಡಿದ್ದವು. ಶನಿವಾರ ಬೆಳಿಗ್ಗೆ ಯುಸ್ತಿನಾ ದನಗಳಿಗೆ ನೀರಿನ ಕಂಡಿ ಒಡೆಯಲು ಹೆಪ್ಪುಗಟ್ಟಿದ ಹೊಂಡಕ್ಕೆ ಹೋದಾಗ, ಮಂಜುಗಡ್ಡೆಯ ಮೇಲೆ ಒಂದು ಕಲ್ಲು ಸುಮ್ಮನೆ ಕೂತಿತ್ತು. ಸುತ್ತ ಕರಗಿರಲಿಲ್ಲ, ಸುಟ್ಟಿರಲಿಲ್ಲ. ಗಡ್ಡೆ ಮಾತ್ರ ಚಕ್ಕೆ ಎದ್ದಿತ್ತು. ಅವಳು ಅದನ್ನು ಮನೆಗೆ ತಂದು, ಬಿದ್ದ ಕಲ್ಲು ಸಿಕ್ಕವರು ತಿಳಿಸಿ ಎಂದು ರೇಡಿಯೋದಲ್ಲಿ ಹೇಳಿಸಿದ್ದ ಪ್ರೊಫೆಸರರಿಗೆ ಫೋನು ಮಾಡಿದಳು. ಸೋಮವಾರ ಬರುತ್ತೇನೆ, ತೊಳೆಯಬೇಡಿ, ಮುಟ್ಟಬೇಡಿ ಎಂದರು ಅವರು. ಅವಳು ಬಟ್ಟೆ ಸುತ್ತಿ ಹೊರಜಗಲಿಯ ಮೇಜಿನ ಮೇಲಿಟ್ಟಳು. ಆಮೇಲೆ ಅದನ್ನು ಬಿಚ್ಚಲೇ ಇಲ್ಲ; ಭಾನುವಾರ ಚರ್ಚಿಗೆ ಹೋಗಿದ್ದು ಬಿಟ್ಟರೆ ಮನೆ ಬಿಟ್ಟು ಕದಲಲೂ ಇಲ್ಲ.

"ಮೂವತ್ತು ವರ್ಷ ಆ ನೆಲದಲ್ಲಿ ಕಲ್ಲು ಆರಿಸಿದೀನಿ, ಡಾಕ್ಟ್ರಮ್ಮ," ಎಂದಳು ಯುಸ್ತಿನಾ. "ಪ್ರೊಕೋಪ ನನ್ನ ಗಂಡನಿಗೆ ಅದನ್ನ ಮಾರಿದ ವರ್ಷದಿಂದ. ಪ್ರತಿ ವಸಂತಕ್ಕೂ ಭೂಮಿ ಹೊಸ ಕಲ್ಲು ಹೆರುತ್ತೆ, ಪ್ರತಿ ವಸಂತಕ್ಕೂ ನಾನು ಹೊರ್ತೀನಿ. ಹೊಲದ ಕಲ್ಲು ಯಾವ್ದು, ಆಕಾಶದ ಕಲ್ಲು ಯಾವ್ದು ನಂಗೆ ಗೊತ್ತಾಗಲ್ವಾ? ಇನ್ನು ಸಾಯೋವರ್ಗೂ ಸುಳ್ಳುಗಾತಿ ಅನ್ನಿಸ್ಕೊಂಡು ಬದುಕೋಕೆ ನಂಗಾಗಲ್ಲ."

"ಫೋನಲ್ಲಿ ಏನಂದೆ ಅಂತ ನಂಗೊತ್ತು," ಎಂದಳು ತೆಕ್ಲಾ, ಒಂಚೂರೂ ನಾಚದೆ. "ರೊಟ್ಟಿ ಗಾತ್ರ, ಒಲೆ ಮಸಿಯಷ್ಟು ಕಪ್ಪು, ಒಂದು ಮೂಲೆ ಒಡೆದು ಒಳಗೆ ಬೂದಿ ಬಣ್ಣ. ಹೊರಜಗಲಿಲಿ ಇಡ್ತೀನಿ ಅಂತಾನೂ ಅಂದೆ. ನಾನೂ ಎತ್ತಿ ಕೇಳಿಸ್ಕೊಂಡೆ."

"ನಂಗೊತ್ತು. ಮೂರು ಸಲ ಟಿಕ್ ಅಂತು."

ಆ ಫೋನಿನ ತಂತಿಗೆ ನಾಲ್ಕು ಮನೆ: ಯುಸ್ತಿನಾ, ತೆಕ್ಲಾ, ಪ್ರೊಕೋಪ್, ಮತ್ತು ಹೊಂಡದ ಆಚೆ ದಡದ ಹ್ನಾತ್. ಒಬ್ಬರಿಗೆ ಫೋನು ಬಂದರೆ ಉಳಿದ ಮೂವರು ಮೆಲ್ಲಗೆ ಎತ್ತುವುದು ತೆರ್ನಿವ್ಕಾದಲ್ಲಿ ಬಹುಕಾಲದ ಪದ್ಧತಿ. ಅದನ್ನು ಯಾರೂ ಕಳ್ಳತನ ಎಂದುಕೊಂಡಿರಲಿಲ್ಲ.

"ಫೋನಲ್ಲಿ ಹೇಳದೇ ಇದ್ದಿದ್ದು ಏನಾದ್ರೂ ಇದ್ಯಾ?"

ಯುಸ್ತಿನಾ ಯೋಚಿಸಿದಳು. "ಮೈತುಂಬ ಗುಳಿ ಇದ್ವು, ಕಲಸಿದ ಹಿಟ್ಟಿಗೆ ಹೆಬ್ಬೆರಳು ಒತ್ತಿದ ಹಾಗೆ. ಒಡೆದ ಕಡೆ ಕಬ್ಬಿಣದ ಪುಡಿ ಹಾಗೆ ಮಿಣಮಿಣ ಅಂತಿತ್ತು."

ಒರೆಸ್ಟ್ ತಿರುಗಿ ನೋಡಿದ. "ಏ ಕ್ರಾಸಾ! ಬಿಡೇ ಅದನ್ನ!" ಎಂದು ಕೂಗಿದ. ತೆಕ್ಲಾಳ ಹಸು ಗೋದಲಿಯ ಮೇಲಿನ ಕಲ್ಲನ್ನು ಪರಪರ ನೆಕ್ಕುತ್ತಿತ್ತು. ಅವನು ಮೂತಿ ತಳ್ಳಿದರೂ ಅದು ಮತ್ತೆ ಬಂದು ನಾಲಿಗೆ ಹಚ್ಚಿತು. ಅರ್ಧ ಕಲ್ಲಿನ ಮಸಿ ಆಗಲೇ ಹೋಗಿತ್ತು. ಕೆಳಗೆ ನುಣ್ಣಗೆ ಸವೆದ, ತಿಳಿ ಬಣ್ಣದ ಕಲ್ಲು ಕಾಣುತ್ತಿತ್ತು.

"ನೆಕ್ಲಿ ಬಿಡು," ಎಂದಳು ತೆಕ್ಲಾ. ಆಮೇಲೆ ಹಸುವಿನ ನಾಲಿಗೆಯನ್ನೇ ನೋಡುತ್ತ ಕೇಳಿದಳು. "ಒರೆಸ್ಟ್, ಭಾನುವಾರ ನಾನು ಹೆರಿಗೆಗೆ ಹೋಗಿದ್ದೆ. ಚರ್ಚಲ್ಲಿ ಯಾರ್ಯಾರಿದ್ರು?"

"ಎಲ್ರೂ ಇದ್ರು. ಯಾರೂ ನಡುವೆ ಮನೆಗೆ ಹೋಗ್ಲಿಲ್ಲ, ಬೇಕಾದ್ರೆ ಬರ್ಕೊಡ್ತೀನಿ. ಹ್ನಾತ್ ನನ್ನ ಮುಂದೇನೇ ನಿಂತಿದ್ದ, ಪೂರ್ತಿ ಹೊತ್ತು ಕೈಗೆ ಊದ್ಕೋತಾ. ಅಯ್ಯೋ, ಅದೇನ್ ಚಳಿ ಡಾಕ್ಟ್ರಮ್ಮ! ನನ್ನ ಕಾಲ್ಬೆರಳು ಇದ್ವೋ ಬಿದ್ದೋದ್ವೋ ಅಂತ ಮನೆಗೆ ಬಂದ್ಮೇಲೇ ಗೊತ್ತಾಗಿದ್ದು. ಆದ್ರೂ ನಂಗೆ ಹ್ನಾತ್ ಮೇಲೇ ಅನುಮಾನ. ಹೊಂಡದ ನೀರಿಗೆ ಯುಸ್ತಿನಕ್ಕನ ಜೊತೆ ಎಷ್ಟು ವರ್ಷದ ಜಗಳ ಅವನದು! ಕಲ್ಲು ಯಾರ ನೆಲಕ್ಕೆ ಬಿತ್ತೋ ಅವರದೇ ಅಂತ ಕಾನೂನು. ಅವನು ಹೆಂಡ್ತೀನ ಕಳಿಸಿರ್ಬೇಕು."

"ಅವಳು ಚರ್ಚಿಗೆ ಬಂದಿರ್ಲಿಲ್ವಾ?"

"ಬಂದಿದ್ಲು," ಎಂದ ಒರೆಸ್ಟ್, ಸ್ವಲ್ಪ ಇಳಿದ ದನಿಯಲ್ಲಿ.

ತೆಕ್ಲಾ ಪ್ರೊಫೆಸರರನ್ನು ಪಾದ್ರಿಗಳ ಮನೆಯಲ್ಲಿ ಬುಧವಾರದವರೆಗೆ ಉಳಿಯಲು ಒಪ್ಪಿಸಿದಳು. ಹೇಗೂ ಬಂದಿದ್ದೀರಿ, ಬಯಲಿನಲ್ಲಿ ಬೇರೆ ತುಣುಕು ಸಿಕ್ಕರೂ ಸಿಗಬಹುದು ಎಂದಳು. ಅವರು ಗೊಣಗಿಕೊಂಡೇ ಹ್ನಾತ್‌ನ ಹೊಲದ ಕಡೆ ಹಿಮ ತುಳಿಯುತ್ತ ಹೋದರು. ಮಂಗಳವಾರ ತೆಕ್ಲಾ ಒರೆಸ್ಟನನ್ನು ಕರೆದುಕೊಂಡು ಊಟಕ್ಕೆ ಹೊರಟಳು.

ಊಟಕ್ಕೇ ಎಂದರೆ ಊಟಕ್ಕೇ. ಕ್ರಿಸ್‌ಮಸ್ ಹಿಂದಿನ ಉಪವಾಸದ ದಿನಗಳು, ಮಾಂಸ ಇಲ್ಲ, ಹಾಲಿಲ್ಲ; ಯಾವ ಮನೆಗೆ ಹೋದರೂ ಹುಳಿ ಬರಿಸಿದ ಎಲೆಕೋಸು ತಪ್ಪುವುದಿಲ್ಲ. ಹ್ನಾತ್‌ನ ಮನೆಯಲ್ಲಿ ತೆಕ್ಲಾ ಎರಡು ಸಲ ಹಾಕಿಸಿಕೊಂಡು ತಿಂದಳು. ಕೋಸು ಬೆಳ್ಳಗೆ, ಗರಿಗರಿಯಾಗಿತ್ತು.

"ನನ್ನ ಮೇಲೇ ಅನುಮಾನ ಅಂತ ಗೊತ್ತು," ಎಂದ ಹ್ನಾತ್, ಒರೆಸ್ಟನ ಕಡೆ ನೋಡುತ್ತ. "ಕೆಲವರಿಗೆ ಬಾಯಿ ಮುಚ್ಚಲ್ಲ. ಜಗಳ ಆಡಿದ್ದು ನೀರಿಗೆ, ಕಲ್ಲಿಗಲ್ಲ. ಯುಸ್ತಿನಾ ಬಾಯಿ ಜೋರು, ಸುಳ್ಳಿ ಅಲ್ಲ. ನಿನ್ನೆ ನಾನು ನಗ್ಲಿಲ್ಲ, ಕೇಳಿ ಬೇಕಾದ್ರೆ."

ಪ್ರೊಕೋಪ್ ಮನೆಯಲ್ಲಿರಲಿಲ್ಲ. ಅವನ ಹೆಂಡತಿ ಮೋತ್ರಿಯಾ ತಟ್ಟೆ ಇಡುವಾಗಲೇ ಮುಖ ಸಣ್ಣ ಮಾಡಿಕೊಂಡಳು. "ನಾಚಿಕೆ ಆಗುತ್ತೆ, ಡಾಕ್ಟ್ರಮ್ಮ. ಹೋದ ವಾರ ಹಾಲಿನಷ್ಟು ಬೆಳ್ಳಗಿತ್ತು. ಈಗ ನೋಡಿ."

ಕೋಸು ಬೂದಿ ಬಣ್ಣಕ್ಕೆ ತಿರುಗಿತ್ತು. ಒರೆಸ್ಟ್ ಒಂದು ತುತ್ತು ಬಾಯಿಗಿಟ್ಟು, ಮೊಳೆ ಚೀಪಿದ ಹಾಗಾಗಿ, ಮರ್ಯಾದೆಗೆ ನುಂಗಿದ. ತೆಕ್ಲಾ ಮಾತ್ರ ತಟ್ಟೆ ಖಾಲಿ ಮಾಡಿ, ನೆಲಮಾಳಿಗೆ ನೋಡಬೇಕೆಂದಳು. ಅಲ್ಲಿ ಮೊಣಕಾಲೆತ್ತರದ ಜಾಡಿ ಇತ್ತು. ಉಪ್ಪುನೀರಲ್ಲಿ ಮುಳುಗಿದ ಕೋಸಿನ ಮೇಲೆ ಮರದ ತಟ್ಟೆ, ತಟ್ಟೆಯ ಮೇಲೆ, ಕೋಸು ತೇಲದ ಹಾಗೆ, ನಾರುಬಟ್ಟೆಯ ಚೀಲದಲ್ಲಿಟ್ಟು ಹೊಲಿದ ಭಾರದ ಕಲ್ಲು. ಬಿಳಿ ಚೀಲದ ಮೇಲೆ ಅಲ್ಲಲ್ಲಿ ಕಂದು ಕಲೆ ಎದ್ದಿತ್ತು.

"ಚೀಲ ಯಾವಾಗ ಬಿಚ್ತೀಯ, ಮೋತ್ರಿಯಾ?"

"ಜಾಡಿ ಖಾಲಿ ಆದ್ಮೇಲೆ, ಈಸ್ಟರ್‌ಗೆ. ನಡುವೆ ಯಾಕೆ ಬಿಚ್ಲಿ? ಹಾಗೇ ಎತ್ತಿಟ್ಟು ಕೋಸು ತೆಗೀತೀನಿ."

"ಇದಕ್ಕೆ ಕಾಯಿಲೆ ಬಂದಿದೆ. ನಾಳೆ ಮಧ್ಯಾಹ್ನ ಸಭೆ ಕರೆದಿದೀನಲ್ಲ, ನಿನ್ನ ಗಂಡ ಕುರ್ಚಿ ಹಾಕೋಕೆ ಹೋದ್ಮೇಲೆ ಒರೆಸ್ಟ್ ಬಂದು ಜಾಡೀನ ತರ್ತಾನೆ. ಗಂಡನಿಗೇನೂ ಹೇಳ್ಬೇಡ. ಕೋಸಿಗೂ ಡಾಕ್ಟ್ರಾ ಅಂತ ನಗ್ತಾನೆ."

ದಾರಿಯುದ್ದಕ್ಕೂ ಒರೆಸ್ಟ್ ಗೊಣಗಿದ. ಊರಿನ ಹೆಂಗಸಿನ ಮಾನ ಹೋಗುತ್ತಿದ್ದರೆ ಇವರು ಮನೆ ಮನೆ ತಿರುಗಿ ಕೋಸು ತಿನ್ನುತ್ತಾರಲ್ಲ ಎಂದು ಅವನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಸೋಮವಾರ ತಾನು ನಕ್ಕಿದ್ದು ಅವನನ್ನು ಚುಚ್ಚುತ್ತಲೇ ಇತ್ತು.

ಬುಧವಾರ ಮಧ್ಯಾಹ್ನ ಚರ್ಚಿನ ಪಕ್ಕದ ಸಭಾಮಂದಿರಕ್ಕೆ ಊರೇ ಬಂದಿತು. ಯುಸ್ತಿನಾ ತಪ್ಪೊಪ್ಪಿಕೊಳ್ಳಲು ಬಂದಿದ್ದಾಳೆ ಎಂದೇ ಹೆಚ್ಚಿನವರು ತಿಳಿದಿದ್ದರು. ಅವಳು ಮುಂದಿನ ಸಾಲಿನಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ಮೇಜಿನ ಮೇಲೆ ಸೋಮವಾರದ ಕಲ್ಲು, ನೀರಿನ ಬೋಗುಣಿ. ಕೆಳಗೆ ಕಂಬಳಿ ಮುಚ್ಚಿದ ಏನೋ ಒಂದು.

"ಇದನ್ನ ಯುಸ್ತಿನಾನೇ ಮಾಡಿದ್ಲು ಅಂತ ನೀವೆಲ್ಲ ನಕ್ರಿ," ಎಂದು ತೆಕ್ಲಾ ಶುರುಮಾಡಿದಳು. "ಅವಳು ಪ್ರೊಫೆಸರ್‌ಗೆ ಮೋಸ ಮಾಡೋದಾಗಿದ್ರೆ, ತಾನು ಕಂಡ ಹಾಗೆ ಮಾಡ್ತಿದ್ಲು. ನಿಜವಾದ ಕಲ್ಲಿನ ಮೈತುಂಬ ಹೆಬ್ಬೆರಳಿನ ಗುಳಿ ಇದ್ವು ಅಂತಾಳೆ. ಪ್ರೊಫೆಸರ್, ಹಾಗಿರುತ್ತಾ?"

"ಇರುತ್ತೆ, ಎಷ್ಟೋ ಸಲ," ಎಂದರು ಪ್ರೊಫೆಸರ್, ಯುಸ್ತಿನಾಳ ಕಡೆ ತಿರುಗಿ. "ನೀವಿದನ್ನ ನಂಗೆ ಹೇಳ್ಲಿಲ್ಲ."

"ನೀವು ಕೇಳೋದಕ್ಕೆ ಮೊದ್ಲೇ ಬೈದ್ರಿ," ಎಂದಳು ಯುಸ್ತಿನಾ.

"ಈ ಕಲ್ಲಲ್ಲಿ ಗುಳಿ ಇಲ್ಲ," ಎಂದಳು ತೆಕ್ಲಾ. "ರೊಟ್ಟಿ ಗಾತ್ರ ಇದೆ, ಮಸಿ ಇದೆ, ಒಡೆದ ಮೂಲೆ ಇದೆ. ಫೋನಲ್ಲಿ ಎಷ್ಟು ಹೇಳಿದ್ಲೋ ಅಷ್ಟು ಮಾತ್ರ ಇದೆ. ಅಂದ್ರೆ ಮಾಡಿದೋನು ನಿಜವಾದ ಕಲ್ಲನ್ನ ಕಣ್ಣಲ್ಲಿ ನೋಡೋದಕ್ಕೆ ಮುಂಚೆ, ಕಿವೀಲಿ ಕೇಳಿ ಮಾಡಿದಾನೆ. ಆವತ್ತು ಆ ತಂತೀಲಿ ಕಿವಿ ಇಟ್ಟಿದ್ದು ಮೂರು ಮನೆ. ನಂದು, ಹ್ನಾತ್‌ದು, ಪ್ರೊಕೋಪಣ್ಣಂದು."

"ಕೇಳೋದು ಪಾಪನಾ?" ಎಂದ ಪ್ರೊಕೋಪ್. "ಇಡೀ ಊರು ಕೇಳುತ್ತೆ."

"ಕೇಳೋದಲ್ಲ. ಈಗ ಕಲ್ಲು ಎಲ್ಲಿಂದ ಬಂತು ನೋಡೋಣ. ಹೊಲದಂಚಿನ ಗುಡ್ಡೆಗಳೆಲ್ಲ ಹಿಮದಡಿ ಒಂದಕ್ಕೊಂದು ಹೆಪ್ಪುಗಟ್ಟಿ ಕೂತಿವೆ. ಹಾರೆ ಹಾಕಿ ಕೀಳ್ತಾ ನಿಂತ್ರೆ ಅರ್ಧ ಮೈಲಿ ದೂರದಿಂದ ಕಾಣುತ್ತೆ. ಅದಕ್ಕೆ ಅವನು ಮನೆಯೊಳಗಿದ್ದ ಕಲ್ಲನ್ನೇ ತಗೊಂಡ. ನನ್ನ ಕ್ರಾಸಾ ಇದನ್ನ ಬಿಡದೆ ನೆಕ್ತು. ದನ ಕಲ್ಲನ್ನ ಯಾಕೆ ನೆಕ್ಕುತ್ತೆ? ಉಪ್ಪಿಗೆ. ಚಳಿಗಾಲದಲ್ಲಿ ಉಪ್ಪುನೀರಲ್ಲಿ ಕೂತಿರೋ ಕಲ್ಲು ನಮ್ಮ ಮನೆಗಳಲ್ಲಿ ಒಂದೇ."

ಹೆಂಗಸರ ಸಾಲಿನಲ್ಲಿ ಗುಸುಗುಸು ಎದ್ದಿತು. ಗಂಡಸರಿಗೆ ಇನ್ನೂ ತಿಳಿದಿರಲಿಲ್ಲ. ತೆಕ್ಲಾ ಕಲ್ಲನ್ನು ಬೋಗುಣಿಯಲ್ಲಿ ಅದ್ದಿ, ಕುಂಚದಿಂದ ತಿಕ್ಕಿ ತೊಳೆದು, ಎತ್ತಿ ಹಿಡಿದಳು.

ಮೋತ್ರಿಯಾ ಎದ್ದು ನಿಂತಳು. "ಅದು ನಮ್ಮವ್ವನ ಕಲ್ಲು," ಎಂದಳು. "ಈ ದೇಶಕ್ಕೆ ಬರೋವಾಗ ಹಡಗಲ್ಲಿ ಮಡಿಲಲ್ಲಿಟ್ಕೊಂಡು ತಂದಿದ್ಲು. ಕಲ್ಲಿನ ದೇಶಕ್ಕೆ ಕಲ್ಲು ತಂದ್ಲು ಅಂತ ಎಲ್ರೂ ನಕ್ಕಿದ್ರು. ಅದರ ಮೂಲೆ ಒಡೆದೋರ್ಯಾರು?"

ಪ್ರೊಕೋಪ್ ಅವಳ ತೋಳು ಹಿಡಿದು ಕೂರಿಸಲು ನೋಡಿದ. ಅವಳು ಕೂರಲಿಲ್ಲ.

"ಭಾನುವಾರ ಚರ್ಚಿಂದ ಯಾರೂ ಮನೆಗೆ ಹೋಗ್ಲಿಲ್ಲ ಅಂತ ಒರೆಸ್ಟ್ ಹೇಳ್ದ," ಎಂದಳು ತೆಕ್ಲಾ. "ಸೌದೆ ತರೋಕೆ ಹೊರಗೆ ಹೋಗೋನನ್ನ ಯಾರೂ ಲೆಕ್ಕಕ್ಕಿಟ್ಕೊಳ್ಳಲ್ಲ. ಹೋಗಿದ್ದು ನಿಮ್ಮ ಕಣ್ಣಿಗೆ ಕಾಣ್ಲಿಲ್ಲ, ಕಾಲಿಗೆ ಗೊತ್ತಾಯ್ತು. ಒಲೆ ಆರಿಹೋಯ್ತು. ಎಲ್ರೂ ಚಳೀಲಿ ನಡುಗ್ತಾ ಪ್ರಾರ್ಥನೆ ಮಾಡಿದ್ರಿ. ಚರ್ಚಿಂದ ಯುಸ್ತಿನಾ ಮನೆ ಅರ್ಧ ಮೈಲಿ. ಪ್ರೊಕೋಪಣ್ಣ, ಹದಿನೆಂಟು ವರ್ಷದಲ್ಲಿ ಒಂದು ಸಲನೂ ಆ ಒಲೆ ಆರಿರ್ಲಿಲ್ಲ, ಅಲ್ವಾ?"

ಒರೆಸ್ಟ್‌ಗೆ ತನ್ನ ಕಾಲ್ಬೆರಳು ನೆನಪಾಗಿ ಬಾಯಿ ತೆರೆದುಕೊಂಡಿತು.

"ಹಸಿ ಸೌದೆ," ಎಂದ ಪ್ರೊಕೋಪ್. "ಎಲ್ಲಿದೆ ಕಲ್ಲು? ತೋರ್ಸಿ. ನನ್ನ ಮನೆ ಶೋಧಿಸಿ. ಸಿಗ್ಲಿಲ್ಲ ಅಂದ್ರೆ ನೀವೂ ಅವಳ ಜೊತೆ ನಿಂತು ಕ್ಷಮೆ ಕೇಳ್ಬೇಕು."

"ಮನೆ ಯಾಕೆ? ಭಾರ ಇಲ್ದಿದ್ರೆ ಕೋಸು ಮೇಲೆದ್ದು ಕೊಳೆಯುತ್ತೆ, ಹೆಂಡ್ತಿಗೆ ತಿಳಿದುಹೋಗುತ್ತೆ. ಒಂದು ತೆಗೆದೋನು ಇನ್ನೊಂದು ಇಡ್ಲೇಬೇಕು. ಇಡೋಕೆ ಅವನ ಕೈಲಿದ್ದದ್ದು ಒಂದೇ. ಈಸ್ಟರ್‌ವರ್ಗೂ ಯಾರೂ ಬಿಚ್ಚದ ಚೀಲ, ಇದಕ್ಕಿಂತ ಒಳ್ಳೇ ಜಾಗ ಬೇಕಾ? ಆದ್ರೆ ಆ ಕಲ್ಲಲ್ಲಿ ಕಬ್ಬಿಣದ ಕಣ ಇವೆ ಅಂತ ಫೋನಲ್ಲಿ ಯಾರೂ ಹೇಳಿರ್ಲಿಲ್ಲ. ಹುಳಿಗೂ ಉಪ್ಪಿಗೂ ಕಬ್ಬಿಣ ಸಿಕ್ಕಿದ್ರೆ ಏನಾಗುತ್ತೆ ಅಂತ ಕೋಸು ತಿಂದೋರಿಗೆ ಗೊತ್ತಾಗುತ್ತೆ."

ಅವಳು ಕಂಬಳಿ ಎಳೆದಳು. ಜಾಡಿ ಕಂಡಿತು. ಜೇಬಿನಿಂದ ಬೆರಳುದ್ದದ ಅಯಸ್ಕಾಂತ ತೆಗೆದಳು. ದನಗಳು ತಂತಿ, ಮೊಳೆ ನುಂಗಿದರೆ ಕರುಳು ಚುಚ್ಚದ ಹಾಗೆ ಹೊಟ್ಟೆಯಲ್ಲೇ ಹಿಡಿದಿಡಲು ನುಂಗಿಸುವಂಥದ್ದು, ಅಲ್ಲಿ ದನ ಸಾಕಿದವರಿಗೆಲ್ಲ ಪರಿಚಿತ. ಮೊದಲು ಮೋತ್ರಿಯಾಳ ತಾಯಿಯ ಕಲ್ಲಿಗೆ ಮುಟ್ಟಿಸಿದಳು, ಅದು ಜಾರಿತು. ಆಮೇಲೆ ದಾರ ಕಟ್ಟಿ ಜಾಡಿಯೊಳಗೆ ಇಳಿಬಿಟ್ಟಳು. ಅಯಸ್ಕಾಂತ ಪಕ್ಕಕ್ಕೆ ವಾಲಿ ಚೀಲಕ್ಕೆ ಅಂಟಿಕೊಂಡಿತು.

"ಮುಟ್ಬೇಡ ಕಣೇ," ಎಂದ ಪ್ರೊಕೋಪ್.

ಮೋತ್ರಿಯಾ ಮುಂದೆ ಬಂದು, ತೋಳು ಒದ್ದೆಯಾಗುವುದನ್ನೂ ನೋಡದೆ ಚೀಲವನ್ನೆತ್ತಿ, ಹಲ್ಲಿನಿಂದ ದಾರ ಕಡಿದಳು. ಕಪ್ಪು ಕಲ್ಲು ಮೇಜಿನ ಮೇಲೆ ಉರುಳಿತು, ಮೈತುಂಬ ಹೆಬ್ಬೆರಳಿನ ಗುಳಿ, ಒಡೆದ ಮೂಲೆಯಲ್ಲಿ ತುಕ್ಕಿನ ಚುಕ್ಕಿ. ಪ್ರೊಫೆಸರ್ ಕುರ್ಚಿ ಬೀಳಿಸಿಕೊಂಡು ಓಡಿ ಬಂದು ತಮ್ಮ ಕರವಸ್ತ್ರದಿಂದ ಅದರ ಉಪ್ಪುನೀರನ್ನು ಒತ್ತಿ ಒತ್ತಿ ತೆಗೆಯತೊಡಗಿದರು. "ಇನ್ನೊಂದು ತಿಂಗಳು ಇದರಲ್ಲೇ ಇದ್ದಿದ್ರೆ ಹಾಳಾಗಿಹೋಗ್ತಿತ್ತು," ಎಂದರು.

"ವಸಂತದಲ್ಲಿ ನನ್ನ ಹೊಲದಲ್ಲಿ ಸಿಕ್ತು ಅನ್ನೋಣ ಅಂತಿದ್ದೆ," ಎಂದ ಪ್ರೊಕೋಪ್, ನೆಲ ನೋಡುತ್ತ. "ಆ ನೆಲ ನಾನೇ ಅವಳ ಗಂಡನಿಗೆ ಮಾರಿದ್ದು. ಏನೂ ಬೆಳೆಯಲ್ಲ ಅಂತ ಗೊತ್ತಿದ್ದೇ ಮಾರಿದ್ದು. ವರ್ಷದೊಳಗೆ ಬಿಟ್ಟೋಡ್ತಾರೆ ಅಂದ್ಕೊಂಡಿದ್ದೆ. ಓಡ್ಲಿಲ್ಲ. ಅವನು ಸತ್ಮೇಲೂ ಅವಳು ಓಡ್ಲಿಲ್ಲ. ಈಗ ಆಕಾಶದಿಂದ ಬೀಳೋದೂ ಅವಳ ನೆಲಕ್ಕೇ ಬೀಳ್ಬೇಕಾ? ನನ್ನ ಹೊಟ್ಟೆ ಉರಿದುಹೋಯ್ತು." ಆಮೇಲೆ ಯುಸ್ತಿನಾಳ ಕಡೆ ತಿರುಗಿ, ಮೆಲ್ಲಗೆ, "ಆಯ್ತು, ನಿನ್ನ ಕಲ್ಲು ನಿಂಗೆ ಸಿಕ್ತಲ್ಲ. ಇಲ್ಲಿಗೇ ಬಿಟ್ಬಿಡೋಣ," ಎಂದ.

ಪಾದ್ರಿಗಳು ತಲೆಯಾಡಿಸಿದರು. ಹಬ್ಬ ಹತ್ತಿರ ಬಂತು, ಕ್ಷಮಿಸುವುದು ದೊಡ್ಡದು ಎಂದು ಒಂದಿಬ್ಬರು ಹಿರಿಯರೂ ದನಿಗೂಡಿಸಿದರು. ಎರಡು ದಿನದ ಹಿಂದೆ ಇದೇ ಜನ ಅವಳ ಅಡುಗೆಮನೆಯಲ್ಲಿ ನಿಂತು ನಕ್ಕಿದ್ದರು. ಆಗ ಕ್ಷಮೆಯ ಮಾತು ಯಾರ ಬಾಯಲ್ಲೂ ಬಂದಿರಲಿಲ್ಲ.

"ಇಲ್ಲಿಗೇ ಬಿಡೋ ಮಾತಿಲ್ಲ," ಎಂದಳು ಯುಸ್ತಿನಾ, ಎದ್ದು ನಿಂತು. "ಪ್ರೊಕೋಪ, ಕಲ್ಲು ಎತ್ತು. ಹೊಂಡಕ್ಕೆ ನಡಿ. ಎಲ್ಲಿ ಬಿತ್ತೋ ಅಲ್ಲಿ ನಿಂತು ಹೇಳು. ನಿಮ್ಮೆಲ್ರಿಗೂ ಹೇಳ್ತಿರೋದು, ಬನ್ನಿ. ನಗೋಕೆ ಬಂದಿರ್ಲಿಲ್ವಾ? ಕೇಳೋಕೂ ಬನ್ನಿ."

ಪ್ರೊಕೋಪ್ ಹೆಂಡತಿಯ ಕಡೆ ನೋಡಿದ. ಮೋತ್ರಿಯಾ ತನ್ನ ತಾಯಿಯ ಕಲ್ಲನ್ನು ಒರೆಸುತ್ತಿದ್ದಳು, ತಲೆ ಎತ್ತಲಿಲ್ಲ. ಅವನು ಕಪ್ಪು ಕಲ್ಲನ್ನು ಎತ್ತಿಕೊಂಡ.

ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಪ್ರೊಕೋಪ್ ಮುಂದೆ, ಅವನ ಹಿಂದೆ ಯುಸ್ತಿನಾ, ಅವರ ಹಿಂದೆ ಊರು, ಹೀಗೆ ಎಲ್ಲರೂ ಹಿಮದ ಹೊಲ ದಾಟಿ ಹೊಂಡಕ್ಕೆ ಬಂದರು. ಅವಳು ಕಾಲಿನಿಂದ ಹೊಸ ಹಿಮ ಸರಿಸಿ ಗಡ್ಡೆಯಲ್ಲಿ ಚಕ್ಕೆ ಎದ್ದ ಜಾಗ ತೋರಿಸಿದಳು. ಪ್ರೊಫೆಸರ್ ಬಾಗಿ ನೋಡಿ, ಅಳೆದು, ಹೌದೆಂದು ತಲೆಯಾಡಿಸಿದರು. ಪ್ರೊಕೋಪ್ ಕಲ್ಲನ್ನು ಎದೆಗವಚಿಕೊಂಡು ಅಲ್ಲಿ ನಿಂತ.

"ಇದು ಯುಸ್ತಿನಾಳ ನೆಲಕ್ಕೆ ಬಿದ್ದಿದ್ದು," ಎಂದ. "ಕದ್ದಿದ್ದು ನಾನು. ಸುಳ್ಳು ಹೇಳಿದ್ದೂ ನಾನು."

"ಕೇಳಿಸ್ಲಿಲ್ಲ," ಎಂದಳು ಯುಸ್ತಿನಾ.

ಅವನು ಇನ್ನೊಮ್ಮೆ ಹೇಳಿದ. ಹೆಣ್ಣುಮಕ್ಕಳು, ಮುದುಕರು ಕಾಲು ಜಾರೀತೆಂದು ಅಂಜಿ ದಡದಲ್ಲೇ ನಿಂತಿದ್ದರು. ಯುಸ್ತಿನಾ ಅವರ ಕಡೆ ಕೈ ತೋರಿಸಿದಳು.

"ಅವ್ರಿಗೆ ಕೇಳಿಸ್ಲಿಲ್ಲ. ಅವ್ರೂ ನಕ್ಕಿದ್ರು."

ಒರೆಸ್ಟ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ತಾನು ನಕ್ಕಿದ್ದಕ್ಕೆ ಅವನ ಕಿವಿ ಚಳಿಯಲ್ಲೂ ಬಿಸಿಯಾಗಿತ್ತು. ಮೂರನೆಯ ಸಲ ಪ್ರೊಕೋಪ್ ಕೂಗಿಯೇ ಹೇಳಿದ; ಆಚೆ ದಡದಲ್ಲಿದ್ದ ಹ್ನಾತ್‌ನ ದನಗಳೂ ತಲೆ ಎತ್ತಿ ನೋಡಿದವು.

ಆಗ ಯುಸ್ತಿನಾ ಅವನ ಕೈಯಿಂದ ಕಲ್ಲನ್ನು ತೆಗೆದುಕೊಂಡಳು. ಅದನ್ನು ಪ್ರೊಫೆಸರರ ಮುಂದೆ ಚಾಚಿದಳು. ಅವರು ಎರಡೂ ಕೈ ಒಡ್ಡಿದಾಗ ಒಂದು ಗಳಿಗೆ ಬಿಡಲಿಲ್ಲ.

"ನೋಡೋಕೆ ಕೊಡ್ತಿದೀನಿ, ಇಟ್ಕೊಳ್ಳೋಕಲ್ಲ," ಎಂದಳು. "ಮೊದ್ಲು ಬರ್ಕೊಳಿ. ಯಾರ ನೆಲ, ಯಾರಿಗೆ ಸಿಕ್ತು, ಎರಡೂ. ನಾನು ನೋಡ್ತಾ ನಿಂತಿರ್ತೀನಿ."

ಪ್ರೊಫೆಸರ್ ಪಿಂಡರ್ ಕೈಗವಸು ಬಿಚ್ಚಿದರು. ಮರಗಟ್ಟಿದ ಬೆರಳುಗಳಲ್ಲಿ, ಆ ಮಂಜುಗಡ್ಡೆಯ ಮೇಲೆ ನಿಂತೇ, ಅವಳ ಹೆಸರು ಬರೆದುಕೊಂಡರು.